ನಂದು ಬರೀ ಸೌಂಡು

ತೊಂಬತ್ತರ ದಶಕದಲ್ಲಿ ನಾನು ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ನಾಗಮಂಗಲದ ಕಡೆ ಒಂದು ಬೀಗರೂಟದಲ್ಲಿ ಬಾಡು ಇನ್ನೂ ಬೆಂದಿರಲಿಲ್ಲ, ಜನರನ್ನು ನಗಿಸಬೇಕಾಗಿದ್ದ ಮಿಮಿಕ್ರಿಯವನೂ ಬಂದಿರಲಿಲ್ಲ. ಹಸಿದ ಬೀಗರು ಗೊಣಗತೊಡಗಿದರು. ಮನೆ ಯಜಮಾನ ನನ್ನ ಹತ್ತಿರ ಓಡಿಬಂದ.

“ಲೇ, ನೀನೇ ಏನಾರ ಮಾಡ್ಲಾ.”

“ನಂದು ಬರೀ ಸೌಂಡು ಕಣಣ್ಣ. ನಗ್ಸೋದು ನನ್ ಕೆಲ್ಸ ಅಲ್ಲ.”

“ಮೈಕು ನಿನ್ ಕೈಲೇ ಐತಲ್ಲೋ!”

ಬೇರೆ ದಾರಿ ಕಾಣದೆ, “ಬಿಂಡಿಗನವಿಲೆಯಿಂದ ಬಂದಿರುವ ಬೀಗರಾದ ಬೋರೇಗೌಡರಿಗೆ ಸ್ವಾಗತ” ಎಂದೆ. ಶಿಳ್ಳೆ ಬಿತ್ತು. ಕೂಡಲೇ ಒಬ್ಬ ಮುದುಕ ಬಂದು, “ನಮ್ಮೆಸ್ರೂ ಕೂಗಪ್ಪ, ಬೆಳ್ಳೂರು ಕರೀಗೌಡ” ಎಂದ. ಅವನ ಹಿಂದೆ ಸಾಲೇ ನಿಂತಿತು. ಒಂದು ಗಂಟೆ ಬರೀ ಊರು, ಹೆಸರು ಕೂಗಿದೆ. ಯಾರಿಗೂ ಹಸಿವೇ ನೆನಪಾಗಲಿಲ್ಲ.

ಆಮೇಲೆ ಮಿಮಿಕ್ರಿಯವನು ಬಂದ. ಅವನ ಒಂದೊಂದು ಮಾತೂ ಕೊನೇ ಸಾಲಿನವರಿಗೆ ಕೇಳುವಂತೆ ಸೌಂಡು ಕೂರಿಸಿಕೊಟ್ಟೆ. ಕೇಳಿಸಿತು, ಯಾರೂ ನಗಲಿಲ್ಲ. “ಅವ್ನು ಕೂತ್ಕಳ್ಲಿ, ನಮ್ಮೆಸ್ರು ಬಾಕಿ ಐತೆ” ಅಂತ ಹಿಂದಿನಿಂದ ಯಾರೋ ಕೂಗಿದರು.

ವೇದಿಕೆಯಿಂದ ಕೆಳಗಿಳಿದವನು, “ನಿಮ್ ಸೌಂಡೇ ಸರಿಯಿಲ್ಲ” ಎಂದು ನನ್ನ ಮೇಲೆ ಸಿಡುಕಿದ. ಕಲಾವಿದರ ಈ ಮಾತು ನನಗೆ ಹೊಸದಲ್ಲ. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಿವಿಯ ಹತ್ತಿರ ಬಗ್ಗಿದ.

“ಓಗ್ಲಿ, ನನ್ನೆಸ್ರೂ ಒಂದ್ಸಲ ಕೂಗ್ಬುಡಿ.”

ಕೂಗಿದೆ. ಅವತ್ತು ಅವನಿಗೆ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ.