ಸತ್ತ ಕಂಪ್ಯೂಟರಿನ ಇಲಿ

ನನಗೆ ಪೊಲೀಸರೆಂದರೆ ಭಯ. ಹೆಲ್ಮೆಟ್ ಹಾಕಿಕೊಂಡು, ಗಾಡಿಯ ದಾಖಲೆಗಳನ್ನೆಲ್ಲ ಜೇಬಿನಲ್ಲಿಟ್ಟುಕೊಂಡು ಹೋಗುವಾಗಲೂ ಮುಳಬಾಗಿಲಿನಲ್ಲಿ ಅವರು ಕಂಡರೆ ವೇಗ ತಗ್ಗಿಸುತ್ತೇನೆ. ಇಂಥವನು ಈಚೆಗೆ ಒಂದು ವಾರ ಕಳ್ಳನಾಗಿ ಬದುಕಿದೆ.

ಕದ್ದ ಮಾಲು ಇದ್ದದ್ದು ನನ್ನದೇ ಹಳೆಯ ಕಂಪ್ಯೂಟರಿನಲ್ಲಿ. ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಬೇಕಾಗಿದ್ದ ಕಾಲದ್ದು ಅದು. ಒಂದು ಆಯುಧಪೂಜೆಯಂದು ಅಮ್ಮ ಟಿಲ್ಲರಿಗೆ ಚಿಮುಕಿಸಿದಷ್ಟೇ ಧಾರಾಳವಾಗಿ ಅದಕ್ಕೂ ತೀರ್ಥ ಚಿಮುಕಿಸಿದರು. ಅಂದಿನಿಂದ ಅದು ಉಸಿರೆತ್ತಿಲ್ಲ. ಮಗಳು ಚಿಕ್ಕವಳಿದ್ದಾಗ ತಾನೇ ಬರೆದ ಆಟವೊಂದು ಕ್ಯಾಸೆಟ್ಟಿನೊಳಗೇ ಉಳಿದುಹೋಯಿತು. ಆಟವೆಂದರೆ ಇಷ್ಟೆ: ಇಲಿಯೊಂದು ಕಡುಬು ಹೊತ್ತು ಕುರುಡುಮಲೆಯ ಗಣಪನಿಗೆ ತಲುಪಿಸಬೇಕು.

ಲ್ಯಾಪ್‌ಟಾಪಿನಲ್ಲಿ ಹಳೆಯ ಯಂತ್ರದ ಹಾಗೆ ನಟಿಸುವ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಈಗ ಬಿಟ್ಟಿಯಾಗಿ ಸಿಗುತ್ತದೆ. ಆದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ ಅದರಲ್ಲಿರುವುದಿಲ್ಲ; ನಾವೇ ತರಬೇಕು. ಹಾಲಿದ್ದೂ ಹೆಪ್ಪಿಲ್ಲದ ಮನೆಯ ಪಾಡು. ಅಂತರ್ಜಾಲದಲ್ಲಿ ಹೆಪ್ಪು ಹಂಚುವವರು ಬೇಕಾದಷ್ಟಿದ್ದರು. ಅದು ಕದ್ದ ಮಾಲೆಂದು ಧೈರ್ಯ ಸಾಲದೆ, ಸತ್ತ ಯಂತ್ರದೊಳಗೆ ಆ ತಂತ್ರಾಂಶವನ್ನು ಹೊತ್ತಿದ್ದ ಚಿಪ್ಪನ್ನೇ ಬಿಚ್ಚಿ, ಅದರಲ್ಲಿದ್ದುದನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡೆ. ಕ್ಯಾಸೆಟ್ಟಿನ ಆಟವನ್ನೂ ಅದಕ್ಕೆ ತುಂಬಿದೆ. ಇಲಿ ಓಡಿತು.

ಮಾಲೂರಿನಲ್ಲಿ ವಕೀಲನಾಗಿರುವ ನನ್ನ ಹೆಂಡತಿಯ ತಮ್ಮನಿಗೆ ಈ ಸಂಭ್ರಮವನ್ನು ಫೋನಿನಲ್ಲಿ ಹೇಳಿದೆ.

"ಏನ್ ಭಾವ, ಕಂಪನಿಯೋರ ಸಾಫ್ಟ್‌ವೇರು ಕಾಪಿ ಹೊಡೆದಿದ್ದೀರಾ? ಕೇಸಾದ್ರೂ ಆಗ್ಬಹುದು. ಇರಿ, ನೋಡಿ ಹೇಳ್ತೀನಿ."

ಇರಿ ಎಂದವನ ಸುದ್ದಿ ವಾರವಿಡೀ ಇಲ್ಲ. ನಕಲನ್ನು ಅಳಿಸಿದರೆ ಮಗಳ ಇಲಿ ಹೋಗುತ್ತದೆ. ಉಳಿಸಿಕೊಂಡರೆ ನಾನು ಹೋಗುತ್ತೇನೆ. ಅಳಿಸುವ ಗುಂಡಿಯ ಮೇಲೆ ಬೆರಳಿಡುವುದು, ತೆಗೆಯುವುದು, ಇದೇ ಕೆಲಸವಾಯಿತು.

"ನಮ್ಮನೆ ಮೆಷೀನು, ನಮ್ಮನೇಲೇ ಸತ್ತಿದ್ದು. ಅದಕ್ಯಾಕ್ರೀ ಹಿಂಗ್ ಬೆವರ್ತೀರ?" ಎಂದಳು ಹೆಂಡತಿ.

ಭಾನುವಾರ ಭಾವಮೈದುನ ಮನೆಗೇ ಬಂದ. ಕಾಫಿ ಮುಗಿಯುವವರೆಗೂ ವಿಷಯಕ್ಕೆ ಬರಲಿಲ್ಲ. ಆಮೇಲೆ ಪಾಟೀಸವಾಲು.

"ಮೆಷೀನು ಕಾಸು ಕೊಟ್ಟು ತಗೊಂಡಿದ್ದು ತಾನೆ?"

"ಹೌದಪ್ಪ."

"ನಿಮ್ಮ ಚಿಪ್ಪಿಂದಾನೇ ತೆಗೆದಿದ್ದು ತಾನೆ?"

"ಅದರಿಂದಲೇ."

"ಹಂಗಾದ್ರೆ ಪರವಾಲೇದು ಭಾವ, ತಪ್ಪೇನಿಲ್ಲ!"

ನ್ಯಾಯವಾಗಿ ಪಡೆದ ತಂತ್ರಾಂಶ ಹಾಳಾದೀತೆಂದು ಅದರದೊಂದು ಪ್ರತಿ ಕಾಪಿಟ್ಟುಕೊಳ್ಳಲು ನಮ್ಮ ಕಾನೂನು ಬಿಡುತ್ತದಂತೆ. 'ನನಗೆ ತಿಳಿದ ಮಟ್ಟಿಗೆ' ಎಂದು ಅವನು ಮೆಲ್ಲಗೆ ಸೇರಿಸಿದ್ದನ್ನೂ ನಾನು ಹೇಳಬೇಕು. "ಆದ್ರೆ ಇನ್ನೊಬ್ರಿಗೆ ಕೊಟ್ಟೀರ, ಹುಷಾರು. ಆವಾಗ ಎದುರು ಪಾರ್ಟಿ ವಕೀಲ ನಾನೇ" ಎಂದು ನಕ್ಕ. ವಾರದಿಂದ ರುಚಿ ಕಾಣದ ಬಾಯಿಗೆ ಎರಡನೆಯ ಲೋಟ ಕಾಫಿ ಕೇಳಿದೆ.

ಮರುದಿನ ನಾನು ಕೆಲಸ ಮಾಡುವ ಶಾಲೆಗೆ ಲ್ಯಾಪ್‌ಟಾಪ್ ಒಯ್ದೆ. ನಂಗಲಿಯಿಂದ ಬರುವ ಗಣಿತದ ಮೇಷ್ಟ್ರು ಇಲಿಯ ಓಟ ನೋಡಿ ಮೆಚ್ಚಿಕೊಂಡರು. "ಸಾರ್, ಆ ಮೂಲ ಸಾಫ್ಟ್‌ವೇರು ನಂಗೂ ಒಂದ್ ಕಾಪಿ ಹಾಕ್ಕೊಡಿ" ಎಂದು ಪೆನ್‌ಡ್ರೈವ್ ಚಾಚಿದರು.

"ಮೊದಲು ನಿಮ್ಮ ಮೆಷೀನು ತೋರಿಸಿ" ಎಂದೆ, ಎದೆ ಸೆಟೆಸಿ.

ಕಳ್ಳನಲ್ಲವೆಂದು ನನಗೆ ತಿಳಿದು ಪೂರ್ತಿ ಒಂದು ದಿನ ಆಗಿರಲಿಲ್ಲ. ಆಗಲೇ ಪೊಲೀಸಿನವನ ಹಾಗೆ ಗೇಟು ಕಾಯಲು ನಿಂತಿದ್ದೆ.