ಮಿಷನ್ ಅಕ್ಕ ಲೆಕ್ಕ ಕಲಿತದ್ದು

ಮುನ್ನೂರು ಹೆಂಗಸರು ದುಡಿಯುತ್ತಿದ್ದ ಆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಬರೆಯುವ ಗುಮಾಸ್ತನಿಗೆ ಮಾತ್ರ. ಉಳಿದವರಿಗೆಲ್ಲ ಅವಳು ಮಿಷನ್ ಅಕ್ಕ. ಹೊಲಿಗೆ ಮಿಷನ್ ಕೆಟ್ಟರೆ ಮೆಕ್ಯಾನಿಕ್‌ಗೆ ಚೀಟಿ ಬರೆದು ಕಾಯಬೇಕು. ಅವನು ಬರುವಷ್ಟರಲ್ಲಿ ಅರ್ಧ ದಿನ ಕಳೆದು, ಮೇಲ್ವಿಚಾರಕನ ಬಾಯಿಗೆ ಸಿಕ್ಕಿಬೀಳುವುದು ಹೊಲಿಯುವವಳೇ. ಅದರ ಬದಲು ಮೂರನೆಯ ಸಾಲಿನ ಕಡೆ ತಿರುಗಿ "ಅಕ್ಕಾ, ಒಂಚೂರು ಬಾ ಅಕ್ಕಾ" ಎಂದು ಕೂಗು ಹಾಕಿದರೆ ಸಾಕು. ಅವಳು ಬಂದು ಮಿಷನ್ನಿನ ಮೈಗೆ ಕಿವಿ ಕೊಟ್ಟು, ಚಕ್ರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, "ಬೆಲ್ಟ್ ಸಡಿಲ ಆಗಿದೆ" ಅಂತಲೋ "ಬಾಬಿನ್ ಹತ್ತಿರ ದಾರ ಸಿಕ್ಕಿಕೊಂಡಿದೆ" ಅಂತಲೋ ಹೇಳಿಬಿಡುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಅವಳು ಹೇಳಿದ್ದೇ ಆಗಿರುತ್ತಿತ್ತು.

ಹೀಗೆ ಹದಿನಾಲ್ಕು ವರ್ಷ ನಡೆಯಿತು. ಅಷ್ಟು ವರ್ಷವೂ ಪುಸ್ತಕದಲ್ಲಿ ಅವಳು ಹೊಲಿಗೆಯವಳೇ. ಮೆಕ್ಯಾನಿಕ್ ಕೆಲಸ ಖಾಲಿಯಾದಾಗ ಒಮ್ಮೆ ಧೈರ್ಯ ಮಾಡಿ ಮ್ಯಾನೇಜರನ್ನು ಕೇಳಿದ್ದಳು. ಅವನೇನೂ ಕೆಟ್ಟವನಲ್ಲ, ಕುರ್ಚಿ ಕೊಟ್ಟು ಕೂರಿಸಿಯೇ ಮಾತಾಡಿಸಿದ. "ಸರ್ಟಿಫಿಕೇಟ್ ಇದೆಯೇನಮ್ಮಾ?" ಎಂದ. ಇರಲಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಸರ್ಟಿಫಿಕೇಟ್ ಬರುವುದಾದರೂ ಎಲ್ಲಿಂದ? ಅವಳು ಓದಿದ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಕಾಲಿಟ್ಟ ಕೂಡಲೇ ಹುಡುಗರನ್ನು ಪ್ರಯೋಗಶಾಲೆಗೆ, ಹುಡುಗಿಯರನ್ನು ಹೊಲಿಗೆ ಕೋಣೆಗೆ ಕಳಿಸುತ್ತಿದ್ದರು. ಪ್ರಯೋಗಶಾಲೆಯಲ್ಲಿ ಇದ್ದದ್ದೇ ಇಪ್ಪತ್ತು ಸ್ಟೂಲು, ಅವು ಹುಡುಗರಿಗೇ ಸಾಲುತ್ತಿರಲಿಲ್ಲ. ಗಣಿತವೊಂದು ಎಲ್ಲರಿಗೂ ಇತ್ತು. ಅದು ಅವಳಿಗೆ ಕಬ್ಬಿಣದ ಕಡಲೆ. ಹತ್ತನೇ ತರಗತಿಯಲ್ಲಿ ನಾಲ್ಕು ಅಂಕ ಕಡಿಮೆ ಬಿದ್ದು ಮುಗ್ಗರಿಸಿದಾಗ ಮೇಷ್ಟರು, "ನಿನ್ನ ತಲೆಗೆ ಲೆಕ್ಕ ಹತ್ತೋದಿಲ್ಲ ಬಿಡು" ಎಂದಿದ್ದರು. ಅವರು ಹೇಳಿ ಮರೆತರು. ಅವಳು ಇಪ್ಪತ್ತೈದು ವರ್ಷ ಅದನ್ನು ನಂಬಿಕೊಂಡು ಬಂದಳು.

ಕಾರ್ಖಾನೆ ಮುಚ್ಚುತ್ತದೆ ಎಂಬ ಸುದ್ದಿ ಒಂದು ವರ್ಷದಿಂದ ಕಿವಿಯಿಂದ ಕಿವಿಗೆ ಓಡಾಡುತ್ತಿತ್ತು. ಒಂದು ಸೋಮವಾರ ಗೇಟಿಗೆ ನೋಟಿಸು ಬಿತ್ತು. ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಮಿಷನ್ ಅಕ್ಕನಿಗೆ ಅಳು ಬರಲಿಲ್ಲ. ಇವತ್ತೋ ನಾಳೆಯೋ ಎಂದು ದಿನ ಬೆಳಗಾದರೆ ಹೆದರುವುದು ತಪ್ಪಿತಲ್ಲ ಎಂದು ಅವಳಿಗೆ ಮೊದಲು ಅನ್ನಿಸಿದ್ದು ನಿರಾಳವೇ. ಬಸ್ಸಿನಲ್ಲಿ ಕೂತ ಮೇಲೆ ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು. ಆ ಬಸ್ಸೂ ಕಾರ್ಖಾನೆಯದೇ, ಅದನ್ನು ಓಡಿಸುತ್ತಿದ್ದವನು ಅವಳ ಗಂಡ. ಒಂದೇ ನೋಟಿಸಿನಲ್ಲಿ ಮನೆಯ ಎರಡೂ ಕೆಲಸ ಹೋಗಿತ್ತು.

ಗಂಡನಿಗೆ ಮೂರು ವಾರದಲ್ಲಿ ಶಾಲೆಯ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು. ಅವಳಿಗೆ ಸಿಗಲಿಲ್ಲ. ಕಾರ್ಖಾನೆಯ ರಸ್ತೆಯಲ್ಲಿ ಅಂಗಿಯ ಗುಂಡಿ, ಜಿಪ್ಪು ಮಾರುವ ಅಂಗಡಿ ಮುಚ್ಚಿತು, ಚಹಾದ ಅಂಗಡಿ ಮುಚ್ಚಿತು, ಚಪ್ಪಲಿ ಹೊಲಿಯುವವನೂ ಗಂಟುಮೂಟೆ ಕಟ್ಟಿದ. ಮನೆಯಲ್ಲೇ ಕೂತು ಹೊಲಿಯೋಣವೆಂದರೆ ಮುನ್ನೂರು ಜನ ಹೊಲಿಗೆಯವರು, ಹೊಲಿಸುವವರು ಯಾರು?

ಒಂದು ಸಂಜೆ ಗಂಡ ಬಸ್ ಸ್ಟಾಪಿನ ಗೋಡೆಯಿಂದ ಕಿತ್ತುಕೊಂಡು ಬಂದ ಕಾಗದವೊಂದನ್ನು ಅವಳ ಮುಂದಿಟ್ಟ. ಮುಚ್ಚಿದ ಕಾರ್ಖಾನೆಗಳ ಕೆಲಸಗಾರರಿಗೆ ಆಸ್ಪತ್ರೆಯ ಯಂತ್ರಗಳನ್ನು ದುರಸ್ತಿ ಮಾಡುವ ತರಬೇತಿ. ಹತ್ತು ತಿಂಗಳು, ಶುಲ್ಕವಿಲ್ಲ, ವಯಸ್ಸಿನ ಮಿತಿಯಿಲ್ಲ. ಹತ್ತನೆಯವರೆಗೆ ಓದಿದ್ದರೆ ಸಾಕು.

"ಇದರಲ್ಲಿ ಗಣಿತ ಇದೆ ಕಣ್ರೀ," ಎಂದು ಅವಳು ಕಾಗದವನ್ನು ಹಿಂದಕ್ಕೆ ತಳ್ಳಿದಳು. "ಭೌತಶಾಸ್ತ್ರ ಬೇರೆ. ನನಗೆ ನಲವತ್ತೊಂದು. ಹುಡುಗರ ಮಧ್ಯೆ ಕೂತು ನಗೆಪಾಟಲಾಗಲಾ?"

ಗಂಡ ಏನೋ ಹೇಳಹೊರಟ. ಅಷ್ಟರಲ್ಲಿ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ ಬಾಯಿ ಹಾಕಿದರು.

"ದಿನವಿಡೀ ನನ್ನ ಮುಖ ನೋಡ್ಕೊಂಡು ಕೂರೋ ಬದಲು ಹೋಗಿ ಮೇಷ್ಟರ ಮುಖ ನೋಡೇ. ನಕ್ಕರೆ ನಗಲಿ, ಹಲ್ಲು ಅವರದು."

"ಅತ್ತೆ, ನಿಮಗೆ ಗೊತ್ತಾಗಲ್ಲ. ನನಗೆ ಲೆಕ್ಕ ಅಂದರೆ ಕೈಕಾಲು ತಣ್ಣಗಾಗುತ್ತೆ."

"ನಿನ್ನ ಸೊಸೆ ಮಾಡ್ಕೊಂಡಾಗ ನನಗೂ ತಣ್ಣಗಾಗಿತ್ತು. ಎಂಥವಳೋ ಏನೋ ಅಂತ. ಆಮೇಲೆ ಸರಿಹೋಗಲಿಲ್ವಾ?"

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನ ಅವಳು ಅರ್ಜಿ ಹಾಕಿದಳು.

ತರಬೇತಿಯ ಮೊದಲ ತಿಂಗಳು ಗಣಿತಕ್ಕೇ ಮೀಸಲು. ಕಲಿಸಲು ಬಂದವಳು ಇಪ್ಪತ್ತೆಂಟರ ಒಬ್ಬ ಹುಡುಗಿ, ದೊಡ್ಡ ಕನ್ನಡಕ, ಯಾವಾಗಲೂ ತೋಳಿಗೆ ಸೀಮೆಸುಣ್ಣದ ಪುಡಿ. ವಯಸ್ಸಿನಲ್ಲಿ ಚಿಕ್ಕವಳಾದರೂ ಎಲ್ಲರೂ ಮೇಡಂ ಎನ್ನುತ್ತಿದ್ದರು, ಅವಳು ವಿದ್ಯಾರ್ಥಿಗಳನ್ನು ಅಣ್ಣ, ಅಕ್ಕ ಎನ್ನುತ್ತಿದ್ದಳು. ಮೊದಲ ವಾರದ ಕಿರುಪರೀಕ್ಷೆಯಲ್ಲಿ ಮಿಷನ್ ಅಕ್ಕನಿಗೆ ಇಪ್ಪತ್ತೈದಕ್ಕೆ ಮೂರು ಬಂತು. ಅನುಪಾತದ ಪ್ರಶ್ನೆಗಳನ್ನು ಅವಳು ಮುಟ್ಟಿಯೇ ಇರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಮಿಷನ್ ಅಕ್ಕ ಮೇಡಂನ ಮೇಜಿನ ಹತ್ತಿರ ಹೋಗಿ ನಿಂತಳು.

"ಮೇಡಂ, ನಾಳೆಯಿಂದ ಬರಲ್ಲ. ನನ್ನ ತಲೆಗೆ ಇದು ಹತ್ತಲ್ಲ."

ಮೇಡಂ ಸಮಾಧಾನ ಹೇಳಲು ಹೋಗಲಿಲ್ಲ. "ಕಾರ್ಖಾನೆಯಲ್ಲಿ ನಿಮ್ಮನ್ನ ಮಿಷನ್ ಅಕ್ಕ ಅಂತಿದ್ದರಂತೆ. ಯಾಕೆ?" ಎಂದು ಕೇಳಿದಳು.

ಅವಳು ಸಂಕೋಚದಿಂದಲೇ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಬಾಯಿ ಬಿಚ್ಚಿತು. ಹೊಸದಾಗಿ ಸೇರಿದ ಹುಡುಗಿಯರ ಬೆರಳಿಗೆ ಸೂಜಿ ಚುಚ್ಚದಿರಲೆಂದು ಅವರ ಮಿಷನ್ನಿನ ಓಟ ತಗ್ಗಿಸಿಕೊಡುತ್ತಿದ್ದ ಮಾತೂ ಬಂತು.

"ಓಟ ಹೇಗೆ ತಗ್ಗಿಸ್ತಿದ್ದಿರಿ?"

"ಮೋಟಾರಿಗಿರೋ ಪುಲ್ಲಿ, ಬೆಲ್ಟ್ ಓಡೋ ಗಾಲಿ, ಅದನ್ನ ಬದಲಾಯಿಸ್ತಿದ್ದೆ. ಚಿಕ್ಕ ಪುಲ್ಲಿ ಹಾಕಿದರೆ ಮಿಷನ್ ನಿಧಾನ. ದೊಡ್ಡದು ಹಾಕಿದರೆ ಜೋರು."

"ಓಟ ಅರ್ಧ ಆಗಬೇಕು ಅಂದ್ರೆ?"

"ಅರ್ಧ ಅಳತೆಯ ಪುಲ್ಲಿ."

"ಮುಕ್ಕಾಲು ಆಗಬೇಕು ಅಂದ್ರೆ?"

"ನೂರು ಮಿಲ್ಲಿಮೀಟರಿನದು ತೆಗೆದು ಎಪ್ಪತ್ತೈದರದ್ದು. ಇದರಲ್ಲೇನಿದೆ ಮೇಡಂ?"

ಮೇಡಂ ಕಿರುಪರೀಕ್ಷೆಯ ಹಾಳೆಯನ್ನು ಅವಳ ಮುಂದೆ ತಿರುಗಿಸಿ, ಅವಳು ಖಾಲಿ ಬಿಟ್ಟಿದ್ದ ಆರನೆಯ ಪ್ರಶ್ನೆಯ ಮೇಲೆ ಬೆರಳಿಟ್ಟಳು. ಅದರಲ್ಲಿ ಪುಲ್ಲಿ ಇರಲಿಲ್ಲ, ನೀರಿನ ತೊಟ್ಟಿ, ನಲ್ಲಿ ಇತ್ತು. ಮಿಷನ್ ಅಕ್ಕ ಎರಡು ಸಲ ಓದಿದಳು. ಮೂರನೆಯ ಸಲ ತೊಟ್ಟಿಯ ಜಾಗದಲ್ಲಿ ಮಿಷನ್ನನ್ನೂ ನಲ್ಲಿಯ ಜಾಗದಲ್ಲಿ ಪುಲ್ಲಿಯನ್ನೂ ಇಟ್ಟು ನೋಡಿದಳು. ಪೆನ್ನು ತೆಗೆದುಕೊಂಡು ಉತ್ತರ ಬರೆದಳು. ಸರಿಯಾಗಿತ್ತು. ಏಳನೆಯದನ್ನೂ ಬರೆದಳು. ಅದೂ ಸರಿಯಾಗಿತ್ತು.

"ಇಷ್ಟು ವರ್ಷ ನೀವು ಮಾಡ್ತಿದ್ದದ್ದು ಇದನ್ನೇ ಅಕ್ಕ. ಬರೀತಿರಲಿಲ್ಲ ಅಷ್ಟೆ," ಎಂದಳು ಮೇಡಂ.

ಮಿಷನ್ ಅಕ್ಕನಿಗೆ ಶಾಲೆಯ ಮೇಷ್ಟರ ಮೇಲೆ ಸಿಟ್ಟು ಬರಬೇಕಿತ್ತು, ಆದರೆ ಅದಕ್ಕೆ ಪುರಸೊತ್ತಿರಲಿಲ್ಲ. ಎಂಟನೆಯ ಪ್ರಶ್ನೆ ಇನ್ನೂ ಬಾಕಿಯಿತ್ತು.

ಎಲ್ಲವೂ ಅಲ್ಲಿಂದ ಸಲೀಸಾಯಿತು ಎಂದರೆ ಸುಳ್ಳಾಗುತ್ತದೆ. ದಶಾಂಶ ಅವಳನ್ನು ಎರಡು ವಾರ ಗೋಳುಹೊಯ್ದುಕೊಂಡಿತು. ಚುಕ್ಕೆ ಎಲ್ಲಿಡಬೇಕೆಂದು ತೋಚದೆ ಒಂದು ದಿನ ಔಷಧ ಹರಿಸುವ ಪಂಪಿನ ಲೆಕ್ಕದಲ್ಲಿ ರೋಗಿಗೆ ಗಂಟೆಗೆ ಒಂದೂವರೆ ಮಿಲ್ಲಿಲೀಟರ್ ಔಷಧ ಹೋಗಬೇಕಾದಲ್ಲಿ ಹದಿನೈದು ಎಂದು ಬರೆದಳು. ಮೇಡಂ ಅವತ್ತು ಮಾತ್ರ ಮುಖ ಗಂಟಿಕ್ಕಿಕೊಂಡು, "ಅಕ್ಕ, ಈ ರೋಗಿ ಬದುಕಿರಲ್ಲ" ಎಂದುಬಿಟ್ಟಳು. ಅಂದಿನಿಂದ ಪ್ರತಿ ಉತ್ತರದ ಕೆಳಗೂ ಗೆರೆ ಎಳೆದು, "ಇದು ಆಗೋ ಮಾತಾ?" ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದು ಅವಳ ಅಭ್ಯಾಸವಾಯಿತು.

ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುತ್ತಿದ್ದವರು ಅತ್ತೆ. ಅವರಿಗೆ ಓದಲು ಬಾರದು. ಆದರೂ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಗಂಭೀರವಾಗಿ ಕೂರುತ್ತಿದ್ದರು. ಸೊಸೆ ವೋಲ್ಟೇಜು, ಕರೆಂಟು, ರೋಧ ಎಂದು ಹೇಳುತ್ತಾ ಹೋಗಿ ನಡುವೆ ತಡವರಿಸಿದರೆ ಸಾಕು, "ಉಹೂಂ, ಎಲ್ಲೋ ತಪ್ಪಿತು, ಮೊದಲಿಂದ ಹೇಳು" ಎನ್ನುತ್ತಿದ್ದರು.

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ಗೊತ್ತಿದ್ದವರು ಹಾಗೆ ತೊದಲಲ್ಲ ಕಣೇ."

ಕೊನೆಯ ಪರೀಕ್ಷೆ ಎರಡು ದಿನ. ಬರೆಯುವುದು ಹೇಗೋ ಮುಗಿಯಿತು. ಮಾಡಿ ತೋರಿಸುವ ದಿನ ಅವಳ ಪಾಲಿಗೆ ಬಂದದ್ದು ಕಫ ಹೀರುವ ಯಂತ್ರ. ಆಸ್ಪತ್ರೆಗಳಲ್ಲಿ ಉಸಿರು ಕಟ್ಟಿದವರ ಗಂಟಲಿನಿಂದ ಕಫ ಎಳೆಯಲು ಇಟ್ಟಿರುತ್ತಾರಲ್ಲ, ಅದು. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ಎಳೆಯುವುದಿಲ್ಲ. ದೋಷ ಹುಡುಕಿ ಸರಿಪಡಿಸಲು ಎರಡು ಗಂಟೆ. ಎದುರಿಗೆ ಹೊರಗಿನಿಂದ ಬಂದ ಪರೀಕ್ಷಕ, ಹಣೆಯ ಮೇಲೆ ಒಂದು ಗೆರೆಯೂ ಅಲುಗದ ಮನುಷ್ಯ.

ಅವಳು ಹಳೆಯ ರೂಢಿಯಂತೆ ಯಂತ್ರದ ಮೈಗೆ ಕಿವಿ ಕೊಟ್ಟಳು. ಕಿವಿ ಕೂಡಲೇ ಹೇಳಿತು, ಬೇರಿಂಗ್ ಸವೆದಿದೆ. ಇಂಥ ಸದ್ದನ್ನು ಸಾವಿರ ಸಲ ಕೇಳಿದ್ದಳು. ಹಾಳೆಯ ಮೇಲೆ "ಬೇರಿಂಗ್" ಎಂದು ಬರೆದೂ ಬಿಟ್ಟಳು. ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡವಳು ತಡೆದು ನಿಂತಳು. ಅಳೆಯದೆ ಬಿಚ್ಚಬಾರದು ಎಂದು ಹತ್ತು ತಿಂಗಳು ತಲೆಗೆ ತುಂಬಿದ್ದರು.

ಮೀಟರ್ ತೆಗೆದಳು. ಗೋಡೆಯ ಪ್ಲಗ್ಗಿನಲ್ಲಿ ಇನ್ನೂರ ಮೂವತ್ತೊಂದು ವೋಲ್ಟ್. ಸರಿಯಿದೆ. ಯಂತ್ರದ ಮುಚ್ಚಳ ತೆಗೆದು, ಶಾಕ್ ಎದೆ ಹಾಯದಿರಲೆಂದು ಕಲಿಸಿದ ಹಾಗೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಯಂತ್ರ ಓಡುತ್ತಿರುವಾಗಲೇ ಮೋಟಾರಿನ ತುದಿಯಲ್ಲಿ ಅಳೆದಳು. ನೂರ ಎಪ್ಪತ್ತನಾಲ್ಕು. ಇದು ಆಗೋ ಮಾತಾ? ಇನ್ನೊಮ್ಮೆ ಅಳೆದಳು. ಅಷ್ಟೇ. ಗೋಡೆಯಿಂದ ಹೊರಟ ಐವತ್ತೇಳು ವೋಲ್ಟ್ ಮೋಟಾರಿಗೆ ತಲುಪುತ್ತಲೇ ಇಲ್ಲ. ಮೋಟಾರು ಕೆಟ್ಟಿಲ್ಲ, ಅದಕ್ಕೆ ಸಾಕಷ್ಟು ಸಿಗುತ್ತಿಲ್ಲ. ಹಾಗಾದರೆ ದಾರಿಯಲ್ಲೆಲ್ಲೋ ಸೋರಿಹೋಗುತ್ತಿದೆ. ವೈರನ್ನು ಗೇಣು ಗೇಣಾಗಿ ಅಳೆಯುತ್ತ ಬಂದು ಸ್ವಿಚ್ಚಿನ ಹತ್ತಿರ ನಿಂತಳು. ಕರೆಂಟು ತೆಗೆದು ಸ್ವಿಚ್ ಬಿಚ್ಚಿದಾಗ ಒಳಗಿನ ಹಿತ್ತಾಳೆಯ ತುಂಡು ಸುಟ್ಟು ಕಪ್ಪಗಾಗಿತ್ತು. ಹಾಳೆಯ ಮೇಲಿನ "ಬೇರಿಂಗ್" ಹೊಡೆದು "ಸ್ವಿಚ್" ಎಂದು ಬರೆದು, ಹೊಸ ಸ್ವಿಚ್ ಜೋಡಿಸಿ ಚಾಲೂ ಮಾಡಿದಳು. ಗಾಜಿನ ಶೀಶೆಯಲ್ಲಿ ನೀರು ಸರ್ರನೆ ಏರಿತು. ಸದ್ದೂ ಬದಲಾಗಿತ್ತು.

ಪರೀಕ್ಷಕ ಹಾಳೆ ಎತ್ತಿಕೊಂಡ. "ಮೊದಲು ಬೇರಿಂಗ್ ಅಂತ ಬರೆದು ಹೊಡೆದುಹಾಕಿದ್ದೀರಲ್ಲಾ?"

ಅವಳಿಗೆ ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. "ಕಿವಿ ಹಾಗೆ ಹೇಳಿತು ಸಾರ್. ಮೀಟರ್ ಬೇರೆ ಹೇಳಿತು. ಮೀಟರಿನ ಮಾತು ಕೇಳಿದೆ."

ಅವನು ಏನೋ ಬರೆದುಕೊಂಡ. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

ಫಲಿತಾಂಶಕ್ಕೆ ಹನ್ನೆರಡು ದಿನ. ಅಷ್ಟು ದಿನ ಅವಳು ಮನೆಯಲ್ಲಿ ತೊಳೆದದ್ದನ್ನೇ ತೊಳೆದಳು, ಗುಡಿಸಿದಲ್ಲೇ ಗುಡಿಸಿದಳು. ಪಟ್ಟಿ ಹಚ್ಚಿದ ದಿನ ಅತ್ತೆಯೂ ಜೊತೆಗೆ ಹೊರಟರು. ಸಂಸ್ಥೆಯ ವರಾಂಡದಲ್ಲಿ ಜನ ಗಿಜಿಗುಟ್ಟುತ್ತಿದ್ದರು. ಮಿಷನ್ ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅತ್ತೆ ಒಮ್ಮೆ ಅವಳನ್ನು ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರ ನಡುವೆ ನುಗ್ಗಿದರು.

"ಲೋ ವಾಚ್‌ಮನ್ ಅಪ್ಪಾ, ನನ್ನ ಸೊಸೇದು ಯಾವುದು ಇದರಲ್ಲಿ? ಮೂವತ್ತೊಂದನೇ ನಂಬರು!"

ಇಡೀ ವರಾಂಡ ತಿರುಗಿ ನೋಡಿತು. ವಾಚ್‌ಮನ್ ಬೆರಳಾಡಿಸುತ್ತ ಕೆಳಗಿಳಿದ.

"ಪಾಸು ಅಜ್ಜಿ. ಮಾಡಿ ತೋರಿಸೋದರಲ್ಲಿ ಎಲ್ಲರಿಗಿಂತ ಜಾಸ್ತಿ ಇವರಿಗೇ."

ಮಿಷನ್ ಅಕ್ಕ ಮೆಟ್ಟಿಲ ಮೇಲೆ ಕೂತಲ್ಲೇ ಇದನ್ನು ಕೇಳಿದಳು. ಹೋದ ಜೀವ ಬಂದಂತಾಯಿತು. ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗೆ ಒಂದು ಉಸಿರು ಬಿಟ್ಟಳು, ಅದು ಎಷ್ಟು ಉದ್ದವಿತ್ತೆಂದರೆ ಪಕ್ಕದಲ್ಲಿದ್ದವರು "ಹುಷಾರಾಗಿದ್ದೀರಾ?" ಎಂದು ನೀರು ತಂದುಕೊಟ್ಟರು. ಅತ್ತೆ ಬಂದು ಪಕ್ಕದಲ್ಲಿ ಕೂತರು. ಸೊಸೆಯ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಹಾಗೇ ಇಟ್ಟುಕೊಂಡರು.

ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಅವಳು ಹೆಚ್ಚು ದಿನ ಕಾಯಬೇಕಾಗಲಿಲ್ಲ. ಅಲ್ಲಿ ನೆಲಮಾಳಿಗೆಯ ಕೋಣೆಯೊಂದರಲ್ಲಿ ಇಪ್ಪತ್ತಾರು ಕೆಟ್ಟ ಯಂತ್ರಗಳು ದೂಳು ತಿನ್ನುತ್ತಿದ್ದವು. ದೂರದ ಊರಿನಿಂದ ಮೂರು ತಿಂಗಳಿಗೊಮ್ಮೆ ಒಬ್ಬ ಬರುತ್ತಿದ್ದ, ಒಂದೆರಡನ್ನು ನೋಡಿ ಹೋಗುತ್ತಿದ್ದ. ಅವಳು ಸೇರಿ ನಾಲ್ಕು ತಿಂಗಳಾಗುವಷ್ಟರಲ್ಲಿ ಹತ್ತೊಂಬತ್ತು ಯಂತ್ರಗಳು ಮೇಲೆ ವಾರ್ಡುಗಳಲ್ಲಿ ಓಡುತ್ತಿದ್ದವು. ಉಳಿದ ಏಳಕ್ಕೆ ಬಿಡಿಭಾಗಗಳು ಬರಬೇಕಿತ್ತು. ಎಳೆಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಸರಿಹೋದ ದಿನ ಹೆರಿಗೆ ವಾರ್ಡಿನ ಹಿರಿಯ ನರ್ಸು ಅವಳನ್ನು ತಬ್ಬಿಕೊಂಡು, "ಇನ್ನು ಮಕ್ಕಳನ್ನ ಬೇರೆ ಆಸ್ಪತ್ರೆಗೆ ಓಡಿಸೋದು ತಪ್ಪಿತಮ್ಮಾ" ಎಂದರು.

ಅವಳನ್ನು ನೋಡಿ ಮುಂದಿನ ತಂಡಕ್ಕೆ ಹೊಲಿಗೆಯ ಹನ್ನೊಂದು ಮಂದಿ ಹೆಂಗಸರು ಅರ್ಜಿ ಹಾಕಿದರು. ಅವರಲ್ಲಿ ನಾಲ್ವರು ಈಗ ನೀರು ಶುದ್ಧಿ ಮಾಡುವ ಘಟಕದಲ್ಲಿದ್ದಾರೆ, ಇಬ್ಬರು ಅವಳ ಕೈಕೆಳಗೇ ಇದ್ದಾರೆ. ಕಾರ್ಖಾನೆಯ ರಸ್ತೆಯಲ್ಲಿ ಚಹಾದ ಅಂಗಡಿಯವನು ಮತ್ತೆ ಬಾಗಿಲು ತೆಗೆದಿದ್ದಾನೆ. ಕಾರ್ಖಾನೆ ಮಾತ್ರ ಮುಚ್ಚಿಯೇ ಇದೆ.

ಮೊನ್ನೆ ಭಾನುವಾರ ಊಟವಾದ ಮೇಲೆ ಅವಳು ಚಾಪೆಯ ಮೇಲೆ ಹಾಗೇ ಒರಗಿದವಳು ನಿದ್ದೆ ಹೋದಳು. ನೆರೆಮನೆಯಾಕೆ ಬಂದು ತಮ್ಮ ಮಿಕ್ಸಿ ತಿರುಗುತ್ತಿಲ್ಲ, ಒಂಚೂರು ನೋಡಬೇಕು ಎಂದಳು. ಅತ್ತೆ ಬಾಗಿಲಲ್ಲೇ ತಡೆದು ಮೆಲ್ಲಗೆ ಎಂದು ಸನ್ನೆ ಮಾಡಿದರು.

"ಸಂಜೆ ಬಾರಮ್ಮಾ. ನನ್ನ ಸೊಸೆ ಮಲಗಿದಾಳೆ."