ಮೊದಲ ಬಸ್ಸಿನ ತನಕ ಆಡಿದ ನಾಟಕ

ಮೊನ್ನೆ ನನ್ನ ಮೊಮ್ಮಗಳು ಪೇಪರಿನಲ್ಲಿ ಏನೋ ಓದಿ ನಕ್ಕಳು. ವಿಲಾಯತಿಯ ಟೀವಿಯಲ್ಲಿ ವರ್ಷಾನುಗಟ್ಟಲೆ ನಡೆಯುವ ಓಣಿಯೊಂದರ ಕತೆ ಇದೆಯಂತೆ. ಅದರೊಳಗಿನ ಸಣ್ಣ ಪಾತ್ರಗಳನ್ನು ಎತ್ತಿಕೊಂಡು, ಮಕ್ಕಳು ಮಲಗಿದ ಮೇಲೆ ತೋರಿಸುವಂಥ ಇನ್ನೊಂದು ಕತೆ ಮಾಡಿದರಂತೆ. "ಎಂಥಾ ತಲಿ ನೋಡು ಅವರದು" ಅಂದಳು. ನಾನು ಅಕ್ಕಿ ಆರಿಸುತ್ತ ಕೂತಿದ್ದೆ. "ಅದನ್ನ ನಾವು ವಿಜಾಪುರದಾಗ ಯಾವಾಗೋ ಮಾಡೇವಿ. ನಿಮ್ಮವ್ವ ಆಗ ಎರಡನೇ ಇಯತ್ತೆ" ಅಂದೆ. ಅವಳು ನಂಬಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಮ್ಮ ನಾಟಕ ಕಂಪನಿ ಸೊಲ್ಲಾಪುರ ರಸ್ತೆಯ ಪಕ್ಕದ ಬಯಲಿನಲ್ಲಿ ತಗಡಿನ ಥೇಟರು ಹಾಕಿತ್ತು. ಗಂಡ ತೀರಿಕೊಂಡ ಮೇಲೆ ನಾನು ಕಂಪನಿ ಸೇರಿ ಆಗ ನಾಲ್ಕು ವರ್ಷವಾಗಿತ್ತು. ಮಗಳು ಬಬಲೇಶ್ವರದಲ್ಲಿ ನನ್ನ ಅವ್ವನ ಹತ್ತಿರ ಇದ್ದು ಸಾಲಿಗೆ ಹೋಗುತ್ತಿದ್ದಳು.

ಆ ಹಂಗಾಮಿನಲ್ಲಿ ನಾವು ಆಡುತ್ತಿದ್ದದ್ದು ಒಂದು ಕೂಡಿದ ಮನೆ ಒಡೆದು ಮತ್ತೆ ಕೂಡುವ ನಾಟಕ. ತುಂಬ ಅಣ್ಣತಮ್ಮಂದಿರು, ನೆಗೆಣ್ಣಿಯರು, ಕಣ್ಣೀರು. ಅದರಲ್ಲಿ ನನಗೆ ಇದ್ದದ್ದು ಎರಡೇ ಪ್ರವೇಶ. ಹಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಇಟ್ಟ ವಿಧವೆ ನಾನು. ನಮ್ಮ ಕಂಪನಿಯ ಹಾಸ್ಯಗಾರ ವಸ್ತಿ ಬಸ್ಸಿನ ಕಂಡಕ್ಟರ್. ರಾತ್ರಿ ಹಳ್ಳಿಗೆ ಬಂದು ಅಲ್ಲೇ ನಿಂತು ನಸುಕಿನಲ್ಲಿ ತಿರುಗಿ ಹೊರಡುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ಸು ಅನ್ನುತ್ತಾರೆ. ಅವನು ಬಂದು ಚಹಾ ಕುಡಿಯುತ್ತಾನೆ, ಬಸ್ಸು ಕೆಟ್ಟಿದೆ ಅಂತ ಸುಳ್ಳು ಹೇಳಿ ಇನ್ನೊಂದು ಕಪ್ಪು ಕೇಳುತ್ತಾನೆ, ನಾನು ಬೈಯುತ್ತೇನೆ, ಜನ ನಗುತ್ತಾರೆ. ಎರಡನೇ ಅಂಕ ಮುಗಿದ ಮೇಲೆ ನಾವಿಬ್ಬರೂ ಏನಾದೆವು ಅಂತ ನಾಟಕದಲ್ಲಿ ಯಾರೂ ಕೇಳುವುದಿಲ್ಲ.

ಜನ ಕೇಳಿದರು. ನಾಟಕ ಒಂಬತ್ತೂವರೆಗೆ ಶುರುವಾಗಿ ಮುಗಿಯುವ ಹೊತ್ತಿಗೆ ಒಂದು ಗಂಟೆಯಾಗುತ್ತಿತ್ತು. ಊರಿನವರು ಮನೆಗೆ ಹೋಗುತ್ತಿದ್ದರು. ತಿಕೋಟಾ, ಬಬಲೇಶ್ವರದ ಕಡೆಯಿಂದ ಬಂದವರಿಗೆ ಮಾತ್ರ ನಸುಕಿನ ಮೊದಲ ಬಸ್ಸಿನ ತನಕ ದಿಕ್ಕಿರಲಿಲ್ಲ. ಅವರು ಥೇಟರಿನೊಳಗೇ ಚಾದರ ಹೊದ್ದು ಬಿದ್ದುಕೊಳ್ಳುತ್ತಿದ್ದರು, ತಟ್ಟಿನ ಪರದೆಯ ಈ ಕಡೆ ಗಂಡಸರು, ಆ ಕಡೆ ಹೆಂಗಸರು ಮಕ್ಕಳು. ಒಂದು ನಸುಕಿನಲ್ಲಿ ನಾನು ಹಿಂದಿನ ನಳದ ಹತ್ತಿರ ಹೋದಾಗ ಬಬಲೇಶ್ವರದ ಕಡೆಯ ಹೆಂಗಸೊಬ್ಬಳು ಮುಖ ತೊಳೆಯುತ್ತಿದ್ದವಳು ನನ್ನನ್ನು ಗುರುತು ಹಿಡಿದಳು.

"ಯವ್ವಾ, ಆ ಚಾದ ಅಂಗಡ್ಯಾಕಿ ನೀನ ಹೌದಿಲ್ಲೋ? ಮುಂದ ಆ ಕಂಡಕ್ಟರನ್ನ ಲಗ್ನ ಆಗತೀಯೋ ಇಲ್ಲೋ?"

"ಅದು ನಾಟಕದಾಗ ಬರಂಗಿಲ್ಲ ಬೇ."

"ಬರಂಗಿಲ್ಲ ಅಂದ್ರ? ಮತ್ತ ನೀ ಏನಾದಿ?"

ಆ ದಿನ ಊಟದ ಹೊತ್ತಿನಲ್ಲಿ ಇದನ್ನು ನಗೆಯಾಡುತ್ತ ಕಂಪನಿಯ ಮಾಲಕರಿಗೆ ಹೇಳಿದೆ. ಅವರು ಚಿಮಟಿ ನಶ್ಯ ಬೆರಳಲ್ಲಿ ಹಿಡಿದವರು ಹಾಗೇ ನಿಂತುಬಿಟ್ಟರು.

"ಜನ ಹೆಂಗೂ ಇಲ್ಲೇ ಬಿದ್ದಿರತಾರ. ನಿದ್ದಿ ಬರಂಗಿಲ್ಲ, ಬಸ್ಸಿನ ಹಾದಿ ಕಾಯತಾರ. ನಿಮ್ಮಿಬ್ಬರದ ಒಂದು ನಾಟಕ ಹಚ್ಚಿದ್ರ ಹೆಂಗ?"

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ಪ್ರವೇಶದವಳಿಗೆ ಇಡೀ ನಾಟಕ! ಮಧ್ಯಾಹ್ನವೆಲ್ಲ ಯಾವ ಸೀರೆ ಉಡಬೇಕು ಅಂತಲೇ ಯೋಚಿಸಿದೆ. ಸಂಜೆ ಮಾಲಕರು ಮತ್ತೆ ಕರೆದು ಉಳಿದದ್ದು ಹೇಳಿದರು. "ಮೊದಲನೇದು ಮನಿಮಂದಿ ಕೂಡಿ ನೋಡೋದು. ಇದು ತಡರಾತ್ರಿದು. ಸ್ವಲ್ಪ ಖಾರ ಇರಬೇಕು ನೋಡು. ಹೆಣ್ಣಮಕ್ಕಳನ್ನ ಹೊರಗ ಕಳಸೂಣು." ಎಲ್ಲೆಲ್ಲಿ ಯಾವ ಮಾತು ಸೇರಿಸಬೇಕು ಅಂತ ಹಾಸ್ಯಗಾರನಿಗೆ ನನ್ನ ಮುಂದೆಯೇ ಹೇಳಿಕೊಟ್ಟರು. ಆ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

ನೋಡುವವರು ಯಾರು? ಬಬಲೇಶ್ವರದವರು. ನಸುಕಿನ ಬಸ್ಸು ಹತ್ತಿದರೆ ಅವರು ಹೊತ್ತೇರುವ ಮೊದಲೇ ಊರು ಮುಟ್ಟುತ್ತಾರೆ, ಅವರ ಜೊತೆ ಸುದ್ದಿಯೂ. ಅವ್ವ ರೊಟ್ಟಿ ಬಡಿಯುತ್ತಿರುವಾಗಲೇ ಯಾರೋ ಬಾಗಿಲಲ್ಲಿ ನಿಂತು ಹೇಳುತ್ತಾರೆ. ಮಗಳು ಸಾಲಿಗೆ ಹೋದರೆ ಮಕ್ಕಳು ಬಾಯಿಗೆ ಬಂದದ್ದು ಅನ್ನುತ್ತಾರೆ. ನಾನು ಕಂಪನಿ ಸೇರುವಾಗ ಅವ್ವ ಬೇಡ ಅನ್ನಲಿಲ್ಲ. "ಕುಣಿ, ಹಾಡು, ಅಳು. ಆದ್ರ ಕೂಸು ಸಾಲ್ಯಾಗ ತಲಿ ತಗ್ಗಸೂ ಹಂಗ ಆಗಬಾರದು" ಅಂತ ಇಷ್ಟೇ ಅಂದಿದ್ದಳು. ನಾನು ಪಾತ್ರ ಒಲ್ಲೆ ಅಂದರೆ ಅದು ಇನ್ನೊಬ್ಬಳಿಗೆ ಹೋಗುತ್ತಿತ್ತು, ಅದರ ಹಿಂದೆಯೇ ನಾನೂ ಕಂಪನಿಯಿಂದ ಹೊರಗೆ.

ನಾಟಕ ಬರೆಯುವ ಕೆಲಸ ಪೇಟಿ ಮಾಸ್ತರರಿಗೆ ಬಂತು. ಅವರು ವಿಜಾಪುರದ ಹಳೆಯ ಮುಸಲ್ಮಾನ ಮನೆತನದವರು, ಹಾರ್ಮೋನಿಯಂ ಬಾರಿಸುತ್ತಲೇ ಕೂದಲು ಬೆಳ್ಳಗಾದವರು. ಮೊದಲ ನಾಟಕದ ಹಾಡುಗಳೆಲ್ಲ ಅವರವೇ. ನನ್ನ ಅಂಜಿಕೆ ಹೇಳಿಕೊಂಡೆ.

"ನಾ ಬರೆಯೋ ಕಾಗದದ ಮ್ಯಾಲ ಅಂಥಾದ್ದು ಒಂದು ಅಕ್ಷರ ಇರಂಗಿಲ್ಲ ಬೇಟಿ" ಅಂದರು. ಆಮೇಲೆ ಪೇಟಿಯ ಮೇಲಿನ ಧೂಳು ಒರೆಸುತ್ತ, "ಆದ್ರ ಆ ಮನಷಾ ಎಂದರ ಕಾಗದ ನೋಡಿ ಮಾತಾಡ್ಯಾನೇನು?" ಅಂದರು.

ಅದು ನಿಜ. ನಮ್ಮ ಹಾಸ್ಯಗಾರ ರಂಗದ ಮೇಲೆ ಹೋದ ಮೇಲೆ ಬಾಯಿಗೆ ಬಂದದ್ದೇ ನಾಟಕ. ಜನ ಅವನನ್ನು ನೋಡಲು ಬರುತ್ತಿದ್ದದ್ದೂ ಅದಕ್ಕೇ.

ಎಂಟು ದಿನ ಮುಂಜಾನೆ ಮುಂಜಾನೆ ಮಾಸ್ತರರು, ನಾನು ಖಾಲಿ ಥೇಟರಿನಲ್ಲಿ ಕೂತೆವು. ನನಗೆ ಆಗ ಓದು ಅಷ್ಟಕ್ಕಷ್ಟೇ. ಅವರು ಬರೆದು ಓದುತ್ತಿದ್ದರು, ನಾನು ಕೇಳಿ ಬಾಯಿಪಾಠ ಮಾಡುತ್ತಿದ್ದೆ. ನಡುನಡುವೆ ಅವರು ಪೆನ್ನು ಕೆಳಗಿಟ್ಟು ಏನಾದರೂ ಕೇಳುತ್ತಿದ್ದರು.

"ರಾತ್ರಿ ಅಂಗಡಿ ಮುಚ್ಚಿದ ಮ್ಯಾಲ ಆಕಿ ಏನ ಮಾಡತಾಳ?"

"ಬಾಗಲಾ ಹಾಕ್ಕೋತಾಳ್ರಿ."

"ಅಷ್ಟ?"

"ಬಾಗಲಕ್ಕ ಬೀಸುಕಲ್ಲ ಒತ್ತಿ ಇಡತಾಳ" ಅಂದೆ. ಗಂಡ ಸತ್ತ ವರ್ಷ ನಾನು ದಿನಾ ಹಾಗೆ ಮಾಡುತ್ತಿದ್ದೆ. ಗಾಳಿಗೆ ಬಾಗಿಲು ಅಲುಗಾಡಿದರೂ ಎದ್ದು ಕೂಡುತ್ತಿದ್ದೆ. ಯಾರಿಗೂ ಹೇಳದಿದ್ದ ಅದನ್ನು ಮಾಸ್ತರರಿಗೆ ಹೇಳಿದೆ. ಅವರು ನನ್ನ ಮುಖ ನೋಡದೆ ಬರೆಯುತ್ತಲೇ ಹೋದರು.

ಹೊಸ ನಾಟಕದ ಎರಡನೇ ಅಂಕ ಹುಟ್ಟಿದ್ದು ಹಾಗೆ. ಮಳೆಯ ರಾತ್ರಿ. ವಸ್ತಿ ಬಸ್ಸಿನಲ್ಲಿ ಮಲಗಿದ್ದ ಕಂಡಕ್ಟರಿಗೆ ಜ್ವರ ಏರುತ್ತದೆ. ಅವನು ಬಂದು ಚಹಾದಂಗಡಿಯ ಬಾಗಿಲು ತಟ್ಟುತ್ತಾನೆ. ಅವಳು ತೆರೆಯುವುದಿಲ್ಲ. ರಂಗದ ನಟ್ಟನಡುವೆ ಒಂದು ಬಾಗಿಲು, ಈ ಕಡೆ ಅವಳು, ಆ ಕಡೆ ಅವನು. ಬೆಳಗಾಗುವ ತನಕ ಇಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ಮಾತಾಡುತ್ತಾರೆ. ಬೆಳಕು ಹರಿದಾಗ ಅವಳೇ ಕಲ್ಲು ಸರಿಸಿ ಬಾಗಿಲು ತೆರೆದು ಚಹಾ ಕೊಡುತ್ತಾಳೆ. ಕೊನೆಗೆ ಲಗ್ನ ಇರಲೇಬೇಕು, ಇಲ್ಲದಿದ್ದರೆ ಬಬಲೇಶ್ವರದವರು ನಮ್ಮನ್ನು ಬಿಡುವುದಿಲ್ಲ ಅಂತ ನಾನು ಹಟ ಹಿಡಿದೆ. ಮಾಸ್ತರರು ಒಪ್ಪಿದರು.

ಮಾಲಕರು ಕತೆ ಕೇಳಿ ಕಣ್ಣರಳಿಸಿದರು. "ರಾತ್ರಿ, ಮಳಿ, ಬಾಗಲಾ, ಒಬ್ಬಾಕಿ ಹೆಂಗಸು. ಭೇಷ್! ಖಾರ ಅಲ್ಲೇ ಹಾಕೂಣು" ಅಂದರು. ಹಾಸ್ಯಗಾರ ಬಾಗಿಲು ತಟ್ಟುವ ಜಾಗದಲ್ಲೇ ಆ ಮಾತುಗಳು ಬರಬೇಕು ಅಂತಾಯಿತು. ನಾನು ಅವನನ್ನು ಬದಿಗೆ ಕರೆದು, "ಅಣ್ಣಾ, ಆ ಮಾತು ಅನಬ್ಯಾಡೋ" ಅಂತ ಕೇಳಿಕೊಂಡೆ. ಅವನು ಎಲೆಯಡಿಕೆ ಜಗಿಯುತ್ತ, "ನೋಡೂಣಲ್ಲ" ಅಂದ. ಅಷ್ಟೇ. ಒಲ್ಲೆ ಅಂದಿದ್ದರೆ ಜಗಳವಾದರೂ ಆಡುತ್ತಿದ್ದೆ. ಆ "ನೋಡೂಣಲ್ಲ" ನನ್ನ ನಿದ್ದೆ ಕೆಡಿಸಿತು.

ಮೊದಲ ಪ್ರಯೋಗದ ರಾತ್ರಿ ದೊಡ್ಡ ನಾಟಕ ಮುಗಿಯಿತು. ಮುಖದ ಬಣ್ಣ ತೆಗೆಯದೆ ಹಾಗೇ ಪರದೆಯ ಹಿಂದೆ ಕೂತಿದ್ದೆ. ಮಾಲಕರು ಹೊರಗೆ ಹೋಗಿ, ಇನ್ನೊಂದು ನಾಟಕ ಇದೆ, ಅದು ಗಂಡಸರಿಗಷ್ಟೇ, ತಾಯಂದಿರು ದಯಮಾಡಿ ಹೊರಗೆ ನಡೆಯಬೇಕು ಅಂತ ಕೂಗಿ ಹೇಳಿದರು. ಹೆಂಗಸರ ಕಡೆಯಿಂದ ಒಬ್ಬ ಮುದುಕಿಯ ದನಿ ಎದ್ದಿತು.

"ಈ ಸರಹೊತ್ತಿನ್ಯಾಗ ಎಲ್ಲಿಗಿ ಹೋಗೂಣ್ರಿ? ಬಸ್ಸಿಗೆ ನೀವು ಹೇಳಿ ತರಸತೀರೇನು?"

"ಹೊರಗ ಬಯಲಾಗ ಕುಂಡ್ರಬೇಕ್ರಿ ಯವ್ವಾ, ಬರೇ ಎರಡು ತಾಸು."

"ನೀವ ಕುಂಡರ್ರಿ ಹೋಗ್ರಿ. ಕೂಸುಗೋಳು ಮಲಗ್ಯಾವ. ನಾವು ಏಳಂಗಿಲ್ಲ."

ಯಾರೂ ಏಳಲಿಲ್ಲ. ಮಾಲಕರು ತಲೆ ಕೆರೆದುಕೊಂಡು ಒಳಗೆ ಬಂದರು. "ನಡೀಲಿ" ಅಂದರು. ಪರದೆ ಮೇಲೆದ್ದಿತು.

ಮೊದಲ ಅಂಕ ಸಲೀಸಾಗಿ ಹೋಯಿತು. ಎರಡನೇ ಅಂಕದಲ್ಲಿ ನಾನು ಬೀಸುಕಲ್ಲು ನೂಕಿ ಬಾಗಿಲಿಗೆ ಒತ್ತಿದೆ. ಪರದೆಯ ಹಿಂದೆ ತಗಡು ಅಲುಗಾಡಿಸಿ ಮಳೆಯ ಸಪ್ಪಳ ಮಾಡಿದರು. ಅವನು ಬಂದು ಬಾಗಿಲು ತಟ್ಟಿದ. ಗಂಡಸರ ಸಾಲಿನಿಂದ ಯಾರೋ ಜೋರಾಗಿ ಸೀಟಿ ಹೊಡೆದು, "ತೆರಿಸಲೇ ಬಾಗಲಾ!" ಅಂತ ಕೂಗಿದ. ಇನ್ನೂ ನಾಲ್ಕು ಸೀಟಿ ಬಿದ್ದವು. ಇದೇ ಆ ಜಾಗ. ನಾನು ಬಾಗಿಲ ಚೌಕಟ್ಟು ಗಟ್ಟಿ ಹಿಡಿದೆ. ಬಬಲೇಶ್ವರದ ನಮ್ಮ ಓಣಿ, ಸಾಲಿಯ ಗೇಟು, ಮಗಳ ಎರಡು ಜಡೆ ಕಣ್ಮುಂದೆ ಬಂದವು.

ಹಾಸ್ಯಗಾರ ಬಾಗಿಲು ಬಿಟ್ಟು ರಂಗದ ಅಂಚಿಗೆ ನಡೆದ. ಕೊರಳಲ್ಲಿದ್ದ ಕಂಡಕ್ಟರನ ಸೀಟಿ ಎತ್ತಿ ತೋರಿಸಿ, ಆ ಗಂಡಸರ ಕಡೆ ನೋಡಿ ಹೇಳಿದ:

"ತಮ್ಮಾ, ಸೀಟಿ ನಾ ಹೊಡೀಬೇಕು. ನೀ ಹೊಡದ್ರ ಡ್ರೈವರ್ ಬಸ್ ಬಿಟ್ಟ ಬಿಡತಾನ. ಆಮ್ಯಾಲ ತಿಕೋಟಾಕ್ಕ ನಡಕೋತ ಹೋಗತಿ ನೋಡು!"

ಥೇಟರು ಒಂದೇ ಸಲಕ್ಕೆ ನಕ್ಕಿತು. ಹೆಂಗಸರ ಕಡೆಯ ನಗು ಇನ್ನೂ ಜೋರು. ಮಲಗಿದ್ದ ಕೂಸುಗಳು ಎದ್ದು ಅತ್ತವು, ಅದಕ್ಕೆ ಮತ್ತೆ ನಕ್ಕರು. ಸೀಟಿ ಹೊಡೆದವನ ಬೆನ್ನಿಗೆ ಪಕ್ಕದವರು ಗುದ್ದಿದ್ದೂ ಕೇಳಿಸಿತು. ನಗು ಇಳಿಯುವ ತನಕ ಕಾದು, ಹಾಸ್ಯಗಾರ ತಿರುಗಿ ಬಾಗಿಲ ಹತ್ತಿರ ಬಂದು ಮಾಸ್ತರರು ಬರೆದ ಮಾತನ್ನು ಬರೆದ ಹಾಗೇ ಅಂದ: "ಅಕ್ಕಾರ, ಬಾಗಲಾ ತೆರೀಬ್ಯಾಡ್ರಿ. ಜ್ವರ ಬಂದಾವು. ಒಳಗಿಂದ ಯಾರರ ಮಾತಾಡಿದ್ರ ಸಾಕು."

ಅವನು ಕಾಗದದ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕೂತೆ. ನಾಟಕದಲ್ಲೂ ಅವಳು ಅಲ್ಲೇ ಕೂಡಬೇಕಿತ್ತು, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ನನಗೆ ನಾಟಕ ಆಡಿದ ನೆನಪೇ ಇಲ್ಲ. ಸುಮ್ಮನೆ ಮಾತಾಡಿದೆ. ಬೆಳಕಿನ ದೃಶ್ಯದಲ್ಲಿ ಕಲ್ಲು ಸರಿಸಿದಾಗ ಹೆಂಗಸರ ಕಡೆಯಿಂದ ಒಬ್ಬಳು, "ಹಾಂ, ಈಗ ತೆರಿ ಯವ್ವಾ" ಅಂದಳು.

ನಾಟಕ ಮುಗಿದು ಜನ ಬಸ್ ಸ್ಟ್ಯಾಂಡಿನ ಕಡೆ ಹೊರಟ ಮೇಲೆ ಹಾಸ್ಯಗಾರನನ್ನು ಕೇಳಿದೆ. "ಯಾಕಣ್ಣಾ, ಆ ಮಾತು ಅನಲಿಲ್ಲಲ್ಲ?"

"ಆ ಮುದುಕ್ಯಾರನ್ನ ನೋಡಿದೇನು? ಅಂದಿದ್ರ ಎದ್ದು ಬಂದು ಬಡೀತಿದ್ರು" ಅಂದ. ನಿಜವಾದ ಕಾರಣ ಅದೇನಾ, ಬೇರೆ ಇತ್ತಾ, ಅವನು ಎಂದೂ ಹೇಳಲಿಲ್ಲ.

ಮಾಲಕರು ಮೂಲೆಯಲ್ಲಿ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. "ಖಾರ ಇರಲಿಲ್ಲ" ಅಂದರು. ನಶ್ಯ ಏರಿಸಿ ಸೀನಿ, ಮೂಗು ಒರೆಸಿಕೊಂಡು, "ಆದ್ರ ಒಬ್ಬರೂ ನಿದ್ದಿ ಮಾಡಲಿಲ್ಲ ನೋಡು" ಅಂದರು. ಮರುದಿನದಿಂದ ಹೆಂಗಸರಿಗೆ ಹೊರಗೆ ಹೋಗಿ ಅನ್ನುವ ಕೂಗು ನಿಂತಿತು.

ಆದರೂ ಊರಿನ ಅಂಜಿಕೆ ನನಗೆ ಪೂರಾ ಹೋಗಿರಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಏನೇನಾಗುತ್ತದೋ ಯಾರಿಗೆ ಗೊತ್ತು? ವಾರದ ಮೇಲೆ ಒಂದು ಮಧ್ಯಾಹ್ನ ಅವ್ವ ಮಗಳ ಕೈ ಹಿಡಿದುಕೊಂಡು ಕಂಪನಿಯ ಬಿಡಾರಕ್ಕೆ ಬಂದೇಬಿಟ್ಟಳು. ಹೇಳದೆ ಕೇಳದೆ ಬರುವವಳಲ್ಲ. ಗಂಟು ಇಳಿಸಿದಳು, ನೀರು ಕುಡಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿನ್ನ ನಾಟಕದ ಸುದ್ದಿ ಊರ ತುಂಬ ಆಗೇತಿ" ಅಂದಳು.

"ಏನಂತಾರವ್ವಾ?"

"ನೀ ಚಾ ಮಾಡುವಾಗ ಹಾಲು ಮೊದಲ ಹಾಕತೀಯಂತ? ನೀರು ಕುದಿಯೂದರಾಗ ಹಾಲು ಹಾಕೂ ಹೆಣ್ಣಮಗಳು ಯಾವಾಕಿ ಬೇ? ಅಷ್ಟು ಮಂದಿ ಮುಂದ!"

ನಾನು ನಗಲು ಶುರುಮಾಡಿದವಳು ನಿಲ್ಲಿಸಲಾಗದೆ ಅಳುವ ತನಕ ನಕ್ಕೆ. ಮಗಳು ಗಾಬರಿಯಾಗಿ ಅವ್ವನ ಹಿಂದೆ ನಿಂತಳು. ಅವಳನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಂಡು, ಸಾಲಿಯಲ್ಲಿ ಯಾರಾದರೂ ಏನಾದರೂ ಅಂದರಾ ಅಂತ ಕೇಳಿದೆ. "ಬಾಯಾರು, ಕಂಡಕ್ಟರ್ ಮಾಮಾ ನಿಮ್ಮ ಮನಿಗಿ ಬರತಾನೇನ ಅಂತ ಕೇಳಿದ್ರು" ಅಂದಳು. ಅವಳ ಬಾಯಾರೂ, ಅಂದರೆ ಸಾಲಿಯಲ್ಲಿ ಪಾಠ ಹೇಳುವ ಟೀಚರೂ, ನಾಟಕ ನೋಡಿದ್ದರಂತೆ.

ಮಳೆಗಾಲದ ಮುಂಚೆ ಕಂಪನಿ ತಿಕೋಟಾಕ್ಕೆ ಹೋಯಿತು. ಅಲ್ಲಿ ಜನ ಮನೆಯಿಂದ ನಡೆದು ಬಂದು ನಡೆದು ಹೋಗುವವರು, ಬಸ್ಸಿಗೆ ಕಾಯುವ ಮಾತೇ ಇಲ್ಲ. ಹಾಗಾದರೆ ನಮ್ಮ ನಾಟಕ ಇಲ್ಲಿಗೇ ಮುಗಿಯಿತು ಅಂದುಕೊಂಡೆ. ಆದರೆ ಊರ ಹಿರಿಯರು ಮಾಲಕರ ಹತ್ತಿರ ಬಂದು, ಆ ಬಾಗಲದ ನಾಟಕವನ್ನೇ ಒಂಬತ್ತೂವರೆಗೆ ಆಡಿರಿ, ನಮ್ಮ ಹೆಣ್ಣುಮಕ್ಕಳೂ ನೋಡಲಿ ಅಂದರು. ಮಾಸ್ತರರು ಇನ್ನೊಂದು ಅಂಕ ಬರೆದು ಅದನ್ನು ಪೂರಾ ನಾಟಕ ಮಾಡಿದರು.

ಸಾಲಿ ಮತ್ತೆ ಶುರುವಾದಾಗ ನಾನೇ ಮಗಳನ್ನು ಕರೆದುಕೊಂಡು ಹೋದೆ. ಅಲ್ಲಿಯ ತನಕ ರಜಿಸ್ಟರಿನಲ್ಲಿ ಪಾಲಕರ ಉದ್ಯೋಗ ಅನ್ನುವ ಕಡೆ ಅವ್ವ ಕೂಲಿ ಅಂತ ಬರೆಸಿದ್ದಳು. ಹೆಡ್ ಮಾಸ್ತರರು ಪೆನ್ನು ಎತ್ತಿ, "ಏನಂತ ಬರೀಲಿ?" ಅಂತ ಕೇಳಿದರು.

"ನಾಟಕದಾಗ ಪಾತ್ರ ಮಾಡತೇನಿ ಅಂತ ಬರೀರಿ" ಅಂದೆ. ಅವರು ಬರೆದರು.